ಸೂರ್ಯ ಮುಳುಗುವ ಮುನ್ನ

(ಮೇ 1, ಕಾರ್ಮಿಕರಾದ ಸಂತ ಜೋಸೆಫರ ಹಬ್ಬದ ಪ್ರಬೋಧನೆ)



ಮೇ ಒಂದನೆಯ ತಾರೀಖನ್ನು ಜಗತ್ತು ಕಾರ್ಮಿಕರ ದಿನವೆಂದು ಆಚರಿಸುತ್ತದೆ. 1955ರಲ್ಲಿ ಜಗದ್ಗುರು ಹನ್ನೆರಡನೇ ಪಿಯುಸ್ ಅವರು ಇದೇ ದಿನವನ್ನು ನಜರೇತಿನ ಬಡಗಿ ಜೋಸೆಫರಿಗೆ ಮೀಸಲಿಟ್ಟರು. ಇನ್ನು ಸ್ವಲ್ಪ ಹೊತ್ತಿನಲ್ಲಿ ಕಾಣಿಕೆಯ ಮೆರವಣಿಗೆಯಲ್ಲಿ ಗಾರೆ ಕೆಲಸದವರ ಕರಣೆ, ಬಡಗಿಯ ಉಳಿ, ದರ್ಜಿಯ ಕತ್ತರಿ, ಕಸ ಗುಡಿಸುವವರ ಪೊರಕೆ ಪೂಜಾಪೀಠದ ಮುಂದೆ ಬರಲಿವೆ. ನಾವು ಅವುಗಳನ್ನು ಆಶೀರ್ವದಿಸುತ್ತೇವೆ. ಅದಕ್ಕೂ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳೋಣ. ಈ ಪೊರಕೆ ಹಿಡಿದ ಕೈಗೆ ಮಾರ್ಚ್ ತಿಂಗಳ ಸಂಬಳ ಬಂದಿದೆಯೇ?

ಈ ಪ್ರಶ್ನೆಯನ್ನು ನಮಗೆ ಕಲಿಸಿದವರು ಒಬ್ಬ ತಾಯಿ. ಕೆಲವು ವರ್ಷಗಳ ಹಿಂದೆ ಶಾಲೆಗಳು ತೆರೆಯುವ ಸಮಯದಲ್ಲಿ ಅವರು ಗುರುನಿವಾಸಕ್ಕೆ ಬಂದರು. ಮಗಳ ಫೀಸು ಕಟ್ಟಬೇಕಾಗಿತ್ತು. ನಾವು ಬಡವರ ನಿಧಿಯಿಂದ ಎರಡು ಸಾವಿರ ರೂಪಾಯಿ ತೆಗೆದುಕೊಟ್ಟೆವು. ಒಳ್ಳೆಯ ಕೆಲಸ ಮಾಡಿದೆವೆಂದು ಮನಸ್ಸಿನಲ್ಲೇ ಸಂತೋಷಪಟ್ಟೆವು. ಆ ತಾಯಿ ಹಣವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೇಳಿದರು: "ನಿಮ್ಮ ಉಪಕಾರ ದೊಡ್ಡದು ಸ್ವಾಮಿ. ಆದರೆ ನಾನು ದುಡಿದ ಎರಡು ತಿಂಗಳ ದುಡ್ಡು ಬಂದಿದ್ದರೆ ನಾನು ಇಲ್ಲಿಗೆ ಬರುತ್ತಲೇ ಇರಲಿಲ್ಲ."

ಎಲ್ಲಿ ಕೆಲಸ ಮಾಡುತ್ತೀರಮ್ಮ ಎಂದು ಕೇಳಿದೆವು. ಅವರು ಕಿಟಕಿಯತ್ತ ಕೈ ತೋರಿಸಿದರು. ನಮ್ಮ ಶಾಲೆಯಲ್ಲೇ! ಗುತ್ತಿಗೆದಾರರ ಕಡೆಯಿಂದ ಬಂದು ನಮ್ಮ ತರಗತಿಗಳನ್ನು ಗುಡಿಸುತ್ತಿದ್ದರು. ಗುತ್ತಿಗೆದಾರರನ್ನು ಕರೆಸಿ ಗದರಿಸಲು ಹೊರಟಾಗ ಅವರು ವಿನಯದಿಂದಲೇ ಹೇಳಿದರು: "ಬಿಲ್ಲು ಕೊಟ್ಟು ಎರಡು ತಿಂಗಳಾಯಿತು ಸ್ವಾಮಿ, ನಿಮ್ಮ ಸಹಿ ಆಗಿಲ್ಲ." ಬಿಲ್ಲು ನಮ್ಮ ಮೇಜಿನ ಮೇಲೆಯೇ ಇತ್ತು. ಅದರ ಮೇಲೆ ಹಬ್ಬದ ಆಮಂತ್ರಣ ಪತ್ರಿಕೆಗಳ ಕಟ್ಟು ಇತ್ತು.

ಪ್ರಿಯರೇ, ಆ ದಿನ ನಾವು ಕೊಟ್ಟದ್ದು ದಾನವಾಗಿರಲಿಲ್ಲ. ಆಕೆಯ ಹಣದಲ್ಲೇ ಒಂದಿಷ್ಟನ್ನು ಆಕೆಗೆ ಕೊಟ್ಟು, ಆಕೆಯಿಂದಲೇ ಉಪಕಾರಿಗಳೆಂಬ ಹೆಸರು ಪಡೆದೆವು.

ಸಂಬಳ ತಡವಾದರೆ ಏನಾಗುತ್ತದೆ? ಮನೆ ಬಾಡಿಗೆ ಕಾಯುವುದಿಲ್ಲ, ಅಂಗಡಿಯ ಸಾಲ ಕಾಯುವುದಿಲ್ಲ, ಚೀಟಿಯ ಕಂತು ಕಾಯುವುದಿಲ್ಲ. ಕಾರ್ಮಿಕ ನೂರಕ್ಕೆ ಹತ್ತು ರೂಪಾಯಿ ಬಡ್ಡಿಗೆ ಐದು ಸಾವಿರ ತಂದರೆ ತಿಂಗಳಿಗೆ 500 ರೂಪಾಯಿ, ಎರಡು ತಿಂಗಳಿಗೆ 1,000 ರೂಪಾಯಿ ಬಡ್ಡಿಗೇ ಹೋಗುತ್ತದೆ. ಮುಂದೆ ಪೂರ್ತಿ ಸಂಬಳ ಕೈಗೆ ಬಂದರೂ ಆ ಸಾವಿರ ಹಿಂದಿರುಗಿ ಬರುವುದಿಲ್ಲ. ಹಣವನ್ನು ಹಿಡಿದಿಟ್ಟ ಧಣಿ ಬಡವನಿಂದ ಬಡ್ಡಿಯಿಲ್ಲದ ಸಾಲ ಪಡೆದಂತಾಯಿತು. ಆ ಸಾಲದ ಬಡ್ಡಿಯನ್ನು ಬಡವನೇ ಕಟ್ಟಿದಂತಾಯಿತು.

ಆದುದರಿಂದಲೇ ಧರ್ಮೋಪದೇಶ ಕಾಂಡದ 24ನೇ ಅಧ್ಯಾಯ, ದಿನಗೂಲಿಯವನ ಕೂಲಿಯನ್ನು ಅದೇ ದಿನ, ಸೂರ್ಯ ಮುಳುಗುವ ಮುನ್ನವೇ ಕೊಡಬೇಕೆಂದು ಆಜ್ಞಾಪಿಸುತ್ತದೆ. ಆತ ಬಡವ, ಆತನ ಮನಸ್ಸೆಲ್ಲ ಆ ಕೂಲಿಯ ಮೇಲೆಯೇ ಇರುತ್ತದೆ ಎಂಬುದೇ ಅದಕ್ಕೆ ಕಾರಣ. ಹಿಡಿದಿಟ್ಟ ಕೂಲಿಯೇ ದೇವರಿಗೆ ಮೊರೆಯಿಡುತ್ತದೆ ಎನ್ನುತ್ತಾರೆ ಸಂತ ಯಕೋಬರು. ದ್ರಾಕ್ಷಾತೋಟದ ಸಾಮತಿಯನ್ನು ನಾವೆಲ್ಲ ಕೇಳಿದ್ದೇವೆ. ಕೊನೆಗೆ ಬಂದವನಿಗೂ ಸಮನಾದ ಕೂಲಿ ಸಿಕ್ಕಿತೆಂದು ಆಶ್ಚರ್ಯಪಡುತ್ತೇವೆ. ಅದಕ್ಕಿಂತ ಮುಂಚಿನ ಒಂದು ಸಂಗತಿಯನ್ನು ಗಮನಿಸುವುದಿಲ್ಲ. ಸಂಜೆಯಾಯಿತು, ಯಜಮಾನ ಬಟವಾಡೆ ಮಾಡಿಸಿದ. ನಾಳೆ ಬಾ ಎನ್ನಲಿಲ್ಲ.

ಸಂತ ಜೋಸೆಫರ ಮನೆಯೂ ಕೂಲಿಯನ್ನು ನಂಬಿದ ಮನೆ. ಬಾಲಯೇಸುವನ್ನು ದೇವಾಲಯದಲ್ಲಿ ಅರ್ಪಿಸುವಾಗ ಆ ಕುಟುಂಬ ಕೊಟ್ಟದ್ದು ಕುರಿಮರಿಯನ್ನು ಕೊಡಲಾಗದ ಬಡವರ ಕಾಣಿಕೆಯಾದ ಹಕ್ಕಿಗಳ ಜೋಡಿ.

ಸಂಬಳ ಸಿಗದೆ ನೊಂದವರು ಇಲ್ಲಿಯೂ ಇದ್ದೀರಿ. ಸಹನೆ ಪುಣ್ಯವೆಂದು ಸುಮ್ಮನಿರಬೇಕೇ? ಹಾಗೆ ನಾವು ಹೇಳುವುದಿಲ್ಲ. ಕೆನ್ನೆಗೆ ಹೊಡೆದ ಕಾವಲುಗಾರನನ್ನು ಯೇಸುಸ್ವಾಮಿ ತಿರುಗಿ ಹೊಡೆಯಲಿಲ್ಲ; ಆದರೆ ಏಕೆ ಹೊಡೆದೆ ಎಂದು ಕೇಳದೆ ಬಿಡಲಿಲ್ಲ. ನೀವೂ ಕೇಳಿರಿ. ಒಂದು ಪುಸ್ತಕದಲ್ಲಿ ದುಡಿದ ದಿನ, ಬಂದ ಹಣ, ಬಾಕಿ ಎಷ್ಟೆಂದು ಬರೆದಿಡಿ. ಕೈಗೆ ಬಾರದ ಹಣಕ್ಕೆ ಸಹಿ ಹಾಕಬೇಡಿ. ಖಾಲಿ ಕಾಗದಕ್ಕಂತೂ ಬೇಡವೇ ಬೇಡ. ಮೊದಲು ಮರ್ಯಾದೆಯಿಂದ ಮಾತನಾಡಿ. ಒಬ್ಬರೇ ಹೋಗಲು ಭಯವಾದರೆ ಜೊತೆಯವರೊಂದಿಗೆ ಹೋಗಿ. ಕೊಡುವ ತಾರೀಖನ್ನು ಬರವಣಿಗೆಯಲ್ಲಿ ಕೇಳಿ. ಮೊಬೈಲ್ ಸಂದೇಶವಾದರೂ ಸಾಕು.

ಆಗಲೂ ಕೊಡದಿದ್ದರೆ ಕಾನೂನು ಇದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ 2019ರ ವೇತನ ಸಂಹಿತೆಯಂತೆ ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೇ ತಾರೀಖಿನೊಳಗೆ, ದಿನಗೂಲಿಯನ್ನು ಆ ದಿನದ ಪಾಳಿ ಮುಗಿದಾಗ ಕೊಡಬೇಕು. ಕೆಲಸ ಬಿಟ್ಟವರ, ಕೆಲಸದಿಂದ ತೆಗೆದವರ ಲೆಕ್ಕವನ್ನು ಎರಡು ಕೆಲಸದ ದಿನಗಳಲ್ಲಿ ಮುಗಿಸಬೇಕು. ಗುತ್ತಿಗೆದಾರ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಹೊಣೆ. ಬಾಕಿಗಾಗಿ ಮೂರು ವರ್ಷಗಳೊಳಗೆ ಅರ್ಜಿ ಹಾಕಬಹುದು. ಅರ್ಜಿಯನ್ನು ಕಾರ್ಮಿಕ ಸಂಘದ ಮೂಲಕವೂ ಸಲ್ಲಿಸಬಹುದು. ಸಂಬಳ ಕೊಟ್ಟಿದ್ದೇನೆಂದು ರುಜುವಾತು ಮಾಡುವ ಭಾರ ಧಣಿಯದು. ಕಾರ್ಮಿಕ ಇಲಾಖೆಯ ಕಚೇರಿಯ ಮೆಟ್ಟಿಲು ಹತ್ತುವುದು ಪ್ರೀತಿಗೆ ವಿರುದ್ಧವಲ್ಲ. ನ್ಯಾಯವಾದ ಕೂಲಿ ಕಾರ್ಮಿಕನ ಹಕ್ಕೆಂದು ಜಗದ್ಗುರು ಹದಿಮೂರನೇ ಲಿಯೋ ಅವರು 1891ರಲ್ಲೇ ತಮ್ಮ ವಿಶ್ವಪತ್ರದಲ್ಲಿ ಸಾರಿದ್ದಾರೆ.

ಆದರೆ ಕಲ್ಲು ಎತ್ತಬೇಡಿ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ 2020ರ ಡಿಸೆಂಬರ್ 12ರಂದು ಮೊಬೈಲ್ ಫೋನ್ ಜೋಡಿಸುವ ಕಾರ್ಖಾನೆಯಲ್ಲಿ ಸಂಬಳದ ವಿಷಯವಾಗಿ ಸಿಟ್ಟು ಸ್ಫೋಟಿಸಿತು. ಗಾಜುಗಳು ಒಡೆದವು, ವಾಹನಗಳು ಜಖಂಗೊಂಡವು, ನೂರಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಸಿಕ್ಕಿರಲಿಲ್ಲವೆಂದು ಒಂದು ವಾರದೊಳಗೆ ಕಂಪನಿಯೇ ಒಪ್ಪಿಕೊಂಡು ಕ್ಷಮೆ ಕೇಳಿತು. ಮೊದಲೇ ಕಿವಿಗೊಟ್ಟಿದ್ದರೆ! ಕೇಳಿಸಿಕೊಳ್ಳುವವರಿಲ್ಲದ ಕಡೆ ನ್ಯಾಯವಾದ ದೂರು ಕೂಡ ದಾರಿ ತಪ್ಪುತ್ತದೆ. ಕೊನೆಗೆ ಜೈಲಿಗೆ ಹೋಗುವವರು ಬಡವರ ಮಕ್ಕಳು.

ಇನ್ನು ಕೆಲಸ ಕೊಡುವ ನಮ್ಮ ವಿಷಯ. ತಡವಾದುದೆಲ್ಲ ದುರಾಸೆಯಿಂದ ಎನ್ನಲಾಗದು. ಚಿಕ್ಕ ಮೇಸ್ತ್ರಿಗೂ ಮೇಲಿನಿಂದ ಹಣ ಬಾರದಿರಬಹುದು. ಹಾಗಿದ್ದರೆ ಮುಖ ತಪ್ಪಿಸಿಕೊಳ್ಳದೆ, ಫೋನ್ ಆಫ್ ಮಾಡದೆ, ಕಾರ್ಮಿಕರನ್ನು ಕೂರಿಸಿ ನಿಜ ಹೇಳೋಣ. ಇರುವುದರಲ್ಲಿ ಮೊದಲು ಅತಿ ಕಡಿಮೆ ಸಂಬಳದವರಿಗೆ ಕೊಡೋಣ, ನಮ್ಮ ಪಾಲನ್ನು ಕೊನೆಗೆ ಇಟ್ಟುಕೊಳ್ಳೋಣ. ನಮ್ಮ ಮನೆಗೆಲಸದವರಿಗೆ ಕಾನೂನಿನ ಬಾಗಿಲು ಅಷ್ಟು ಸುಲಭವಾಗಿ ತೆರೆಯುವುದಿಲ್ಲ. ಅವರಿಗೆ ನಮ್ಮ ಮನಸ್ಸಾಕ್ಷಿಯೇ ಮೊದಲ ರಕ್ಷಣೆ. ಊರಿಗೆ ಹೋಗುವ ಅವಸರದಲ್ಲಿ "ಬಂದಮೇಲೆ ಕೊಡುತ್ತೇನೆ" ಎಂದು ಬಿಟ್ಟ ಆ ಹಣ, ಹಬ್ಬಕ್ಕೆ ಹಾಕಿದ ಪೆಂಡಾಲಿನ ಬಾಕಿ, ಬ್ಯಾಂಡಿನವರ ಬಾಕಿ, ನಮ್ಮ ಸಂಸ್ಥೆಗಳ ಶಿಕ್ಷಕರ ಸಂಬಳ, ಎಲ್ಲವನ್ನೂ ಇಂದು ನೆನೆಯೋಣ.

ಸಹೋದರನಿಗೆ ನಮ್ಮ ಮೇಲೆ ದೂರಿರುವುದು ನೆನಪಿಗೆ ಬಂದರೆ ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಹೋಗಿ, ಮೊದಲು ಅವನೊಂದಿಗೆ ಸಮಾಧಾನವಾಗಬೇಕೆಂದು ಪ್ರಭು ಕಲಿಸಿದ್ದಾರೆ. ಆ ತಾಯಿಯ ಬಿಲ್ಲಿಗೆ ಅಂದೇ ಸಹಿಯಾಯಿತು. ಅಂದಿನಿಂದ ನಮ್ಮ ಶಾಲೆಯಲ್ಲಿ ಗುಡಿಸುವವರ ಬಟವಾಡೆ ಮುಗಿಯದೆ ಗುರುಗಳ, ಕನ್ಯಾಸ್ತ್ರೀಯರ ಭತ್ಯೆಯ ಚೆಕ್ಕಿಗೆ ಸಹಿಯಾಗುವುದಿಲ್ಲ. ನೀವೂ ಇಂದು ಮನೆಗೆ ಹೋಗಿ ಒಂದು ಬಾಕಿಯನ್ನಾದರೂ ತೀರಿಸಿ. ಹಬ್ಬದ ಊಟ ಅದರ ನಂತರ ಇರಲಿ. ಸೂರ್ಯ ಮುಳುಗಲು ಇನ್ನೂ ಸಮಯವಿದೆ.

ದುಡಿಯುವ ಕೈಗಳನ್ನೂ ದುಡಿಸುವ ಮನಸ್ಸುಗಳನ್ನೂ ಸಂತ ಜೋಸೆಫರ ಪ್ರಾರ್ಥನೆಯ ಮೂಲಕ ದೇವರು ಆಶೀರ್ವದಿಸಲಿ. ಆಮೆನ್.