ಪ್ರಬಂಧದಲ್ಲಿ ನಮ್ಮ ಮಾತು



ಇಂಗ್ಲಿಷ್ ಪ್ರಬಂಧದ ಬಗ್ಗೆ ಎರಡು ಮಾತು. ನಮ್ಮ ಮಕ್ಕಳಲ್ಲಿ ಅಭಿಪ್ರಾಯಕ್ಕೆ ಬರವಿಲ್ಲ. ಅರಳಿಕಟ್ಟೆಯಲ್ಲಿ ಕೂತರೆ ಯಾರಿಗೂ ಸೋಲುವುದಿಲ್ಲ. ಅದನ್ನೇ ಇಂಗ್ಲಿಷಿನಲ್ಲಿ ಬರೆಯಿರಿ ಎಂದರೆ ಗೈಡು ಬಾಯಿಪಾಠ ಮಾಡುತ್ತಾರೆ.

‘ಪಾಠಕ್ಕೆ ಮೊಬೈಲ್ ಒಂದೇ ಸಾಲದು ಅಂತ ನನಗನಿಸುತ್ತೆ’ ಎನ್ನುವಾಗ ನಮ್ಮ ‘ಅನಿಸುತ್ತೆ’ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಅದೇ ಮೊದಲು: ‘ಐ ಥಿಂಕ್’ ಅಥವಾ ‘ಇನ್ ಮೈ ಒಪಿನಿಯನ್’. ಎರಡರಲ್ಲಿ ಒಂದು ಸಾಕು. ಎರಡನ್ನೂ ಒಟ್ಟಿಗೆ ಬರೆದರೆ ಸಾರಿಗೆ ಎರಡು ಸಲ ಉಪ್ಪು ಹಾಕಿದ ಹಾಗೆ. ‘ಅಕಾರ್ಡಿಂಗ್ ಟು ಮಿ’ ಬೇಡ. ‘ಅಕಾರ್ಡಿಂಗ್ ಟು’ ಇರುವುದು ಬೇರೆಯವರು ಹೇಳಿದ್ದಕ್ಕೆ. ಆಮೇಲೆ ‘ಬಿಕಾಸ್’ ಎಂದು ಕಾರಣ ಕೊಡಿ.

ನನಗೆ ತುಂಬ ಇಷ್ಟವಾದದ್ದು ‘ಇಟ್ ಈಸ್ ಟ್ರೂ ದಟ್’. ಎದುರಿನವರ ಮಾತಿನಲ್ಲಿರುವ ನಿಜವನ್ನು ಒಪ್ಪಿಕೊಂಡು, ನಂತರ ‘ಬಟ್’ ಎನ್ನುವುದು. ಪಂಚಾಯ್ತಿಗೆ ಕೂತ ಹಿರಿಯರು ‘ನೀನನ್ನೋದು ದಿಟ ಕಣಪ್ಪಾ, ಆದರೆ...’ ಅಂತಲೇ ಶುರು ಮಾಡುತ್ತಾರಲ್ಲ! ‘ಮೊಬೈಲಿನಲ್ಲಿ ಪಾಠ ಸಿಗುತ್ತದೆ ನಿಜ, ಆದರೆ ಮನೆಗಿರುವ ಒಂದೇ ಮೊಬೈಲು ಯಾವಾಗಲೂ ಅಣ್ಣನ ಕೈಯಲ್ಲಿ’ ಎಂದು ಒಬ್ಬ ಹುಡುಗಿ ಇಂಗ್ಲಿಷಿನಲ್ಲಿ ಬರೆಯಲಿ. ಸ್ಪೆಲ್ಲಿಂಗ್ ಆಮೇಲೆ ತಿದ್ದೋಣ.