ದೇವರಾಗಲೊಲ್ಲದ ನಾಯಕ: ‘ಡಾಕ್ಟರ್ ಹೂ’ ಮತ್ತು ಪುರಾಣದ ಮೂಲಪ್ರತಿಮೆಗಳು

ಒಬ್ಬ ವ್ಯಕ್ತಿಯ ಲಕ್ಷಣಗಳನ್ನು ಹೇಳುತ್ತೇನೆ, ಕೇಳಿ. ತನ್ನ ನಿಜವಾದ ಹೆಸರನ್ನು ಅವನು ಹೇಳುವುದಿಲ್ಲ. ಎಲ್ಲಿಂದಲೋ ಬರುತ್ತಾನೆ, ಆಪತ್ತಿನಲ್ಲಿರುವವರನ್ನು ಕಾಪಾಡುತ್ತಾನೆ, ಹೇಳದೆ ಕೇಳದೆ ಹೊರಟುಹೋಗುತ್ತಾನೆ. ಮರಣ ಸಮೀಪಿಸಿದಾಗ ಅವನ ದೇಹ ಬದಲಾಗುತ್ತದೆ, ಅವನು ಉಳಿಯುತ್ತಾನೆ. ಅವನ ವಾಹನ ಹೊರಗಿನಿಂದ ನೋಡಿದರೆ ಒಂದು ಸಣ್ಣ ಪೆಟ್ಟಿಗೆ; ಒಳಗೆ ಕಾಲಿಟ್ಟರೆ ಅರಮನೆಯಷ್ಟು ವಿಶಾಲ. ಇದು ಯಾವ ಪುರಾಣದಲ್ಲಿ ಬರುತ್ತದೆ ಎಂದು ನೀವು ಕೇಳಬಹುದು. ಇದು ಪುರಾಣವಲ್ಲ, ಬ್ರಿಟನ್ನಿನ ಬಿ.ಬಿ.ಸಿ.ಯ ‘ಡಾಕ್ಟರ್ ಹೂ’ ಎಂಬ ವೈಜ್ಞಾನಿಕ ಧಾರಾವಾಹಿ.

ಇದು 1963ರ ನವೆಂಬರ್ 23ರಂದು ಆರಂಭವಾಯಿತು. ಮೊದಲ ಕಥೆಯನ್ನು ನಿರ್ದೇಶಿಸಿದವರು ನಮ್ಮ ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್. 1989ರಲ್ಲಿ ನಿಂತ ಸರಣಿ 2005ರಲ್ಲಿ ಮತ್ತೆ ಶುರುವಾಯಿತು. ನಾಯಕ ಗ್ಯಾಲಿಫ್ರೇ ಎಂಬ ಗ್ರಹದವನು, ಎರಡು ಹೃದಯಗಳುಳ್ಳವನು. ಟಾರ್ಡಿಸ್ ಎಂಬ ಕಾಲಯಾನದ ನೌಕೆಯನ್ನು ಕದ್ದು ತನ್ನವರನ್ನು ಬಿಟ್ಟು ಬಂದವನು. ಎಲ್ಲರೂ ಅವನನ್ನು ಕರೆಯುವುದು ‘ಡಾಕ್ಟರ್’ ಎಂದಷ್ಟೇ.

ಇಷ್ಟು ಕೇಳಿದಾಗ, ಇವನನ್ನು ಎಲ್ಲೋ ನೋಡಿದಂತಿದೆಯಲ್ಲ ಎಂದು ಅನ್ನಿಸುತ್ತದೆ. ಮನುಷ್ಯರ ಕನಸು, ಕಥೆ, ಪುರಾಣಗಳಲ್ಲಿ ಕೆಲವು ಪಾತ್ರಗಳು ಮತ್ತೆ ಮತ್ತೆ ಹುಟ್ಟಿಬರುತ್ತವೆ ಎಂದು ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ ಹೇಳಿದರು. ಅವುಗಳನ್ನು ಮೂಲಪ್ರತಿಮೆಗಳು ಎನ್ನುತ್ತೇವೆ. ಸತ್ತು ಏಳುವ ದೇವರು, ಅಲೆಮಾರಿ ಜ್ಞಾನಿ, ಎಲ್ಲರನ್ನೂ ಯಾಮಾರಿಸುವ ತುಂಟ, ಉದ್ಧಾರಕ, ಇವೆಲ್ಲ ಅಂಥವು. ಡಾಕ್ಟರನಲ್ಲಿ ಈ ನಾಲ್ಕೂ ಸೇರಿವೆ.

ಮೊದಲು ದೇಹ ಬದಲಾಗುವ ವಿಷಯವನ್ನು ನೋಡೋಣ. 1966ರಲ್ಲಿ ಮೊದಲ ನಟ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಕೆಟ್ಟಿತ್ತು. ಧಾರಾವಾಹಿ ನಿಲ್ಲಬಾರದು. ಹಾಗಾಗಿ ನಾಯಕ ಕುಸಿದು ಬಿದ್ದು, ಬೇರೆ ಮುಖದೊಂದಿಗೆ ಎದ್ದ. ಆ ಮುಖ ಪ್ಯಾಟ್ರಿಕ್ ಟ್ರೌಟನ್ ಅವರದು. ನಿರ್ಮಾಪಕರ ಕಷ್ಟಕ್ಕೆ ಸಿಕ್ಕ ಉಪಾಯವೇ ಕಥೆಯ ಜೀವಾಳವಾಯಿತು. 2017ರಲ್ಲಿ ಇದೇ ದಾರಿಯಲ್ಲಿ ಜೋಡಿ ವಿಟ್ಟೇಕರ್ ಎಂಬ ನಟಿ ಡಾಕ್ಟರ್ ಆದರು.

ಇದನ್ನು ಅವತಾರ ಎನ್ನೋಣವೇ? ಅವತಾರವೆಂದರೆ ದೇವರು ಒಂದು ಉದ್ದೇಶಕ್ಕಾಗಿ ಇಳಿದುಬರುವುದು. ಪುನರ್ಜನ್ಮವೆಂದರೆ ಹಿಂದಿನದನ್ನು ಮರೆತು ಮಗುವಾಗಿ ಹುಟ್ಟುವುದು. ಇಲ್ಲಿ ಅವೆರಡೂ ಇಲ್ಲ. ನೆನಪು ಉಳಿಯುತ್ತದೆ, ಸ್ವಭಾವ ಬದಲಾಗುತ್ತದೆ. ಹೋಲಿಕೆ ಕಂಡ ಕೂಡಲೇ ಎರಡೂ ಒಂದೇ ಎನ್ನಬಾರದು. ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದನ್ನೂ ನೋಡಬೇಕು.

1974ರ ‘ಪ್ಲಾನೆಟ್ ಆಫ್ ದಿ ಸ್ಪೈಡರ್ಸ್’ ಕಥೆಯಲ್ಲಿ ಬೌದ್ಧ ಚಿಂತನೆಯ ನೆರಳು ಸ್ಪಷ್ಟವಾಗಿದೆ. ನಿರ್ಮಾಪಕ ಬ್ಯಾರಿ ಲೆಟ್ಸ್ ಅವರಿಗೆ ಬೌದ್ಧ ಧರ್ಮದಲ್ಲಿ ಒಲವಿತ್ತು. ಡಾಕ್ಟರ್ ಹಿಂದೊಮ್ಮೆ ಒಂದು ಗ್ರಹದಿಂದ ನೀಲಿ ಹರಳೊಂದನ್ನು ತಂದಿದ್ದ. ಕೇಡಿಗೆಲ್ಲ ಅದೇ ಮೂಲವಾಗುತ್ತದೆ. ಅವನ ಹಳೆಯ ಗುರು ಸನ್ಯಾಸಿಯ ವೇಷದಲ್ಲಿ ಎದುರಾಗುತ್ತಾನೆ. ತಿಳಿಯಬೇಕೆಂಬ ಹಸಿವೂ ಒಂದು ಬಗೆಯ ದುರಾಸೆಯಾಗಬಲ್ಲದು ಎಂಬುದು ಡಾಕ್ಟರನಿಗೆ ಅರಿವಾಗುತ್ತದೆ. ಹೋದರೆ ಸಾಯುವೆನೆಂದು ಗೊತ್ತಿದ್ದೂ ಹರಳನ್ನು ಹಿಂದಿರುಗಿಸಲು ಗುಹೆಗೆ ಹೋಗುತ್ತಾನೆ. ಅಲ್ಲಿ ಹಳೆಯ ದೇಹದೊಂದಿಗೆ ಹಳೆಯ ಅಹಂಕಾರವೂ ಸಾಯುತ್ತದೆ.

ಮರುವರ್ಷ, 1975ರ ‘ಜೆನೆಸಿಸ್ ಆಫ್ ದಿ ಡೇಲೆಕ್ಸ್’ನಲ್ಲಿ ಇನ್ನೂ ಕಠಿಣವಾದ ಪರೀಕ್ಷೆ. ಡೇಲೆಕ್‌ಗಳು ಮುಂದೆ ಲೋಕಕಂಟಕರಾಗುವ ಜೀವಿಗಳು. ಅವು ಇನ್ನೂ ಹುಟ್ಟುತ್ತಿರುವಾಗಲೇ ನಾಶ ಮಾಡಲು ಎರಡು ತಂತಿಗಳನ್ನು ತಾಗಿಸಿದರೆ ಸಾಕು. ತಂತಿಗಳು ಕೈಯಲ್ಲಿವೆ. ಆದರೂ ತನಗೆ ಆ ಹಕ್ಕಿದೆಯೇ ಎಂದು ಡಾಕ್ಟರ್ ತಡೆಯುತ್ತಾನೆ. ಮುಂದೆ ಕೇಡಾದೀತೆಂದು ಶಿಶುಗಳನ್ನು ಕೊಂದವನು ನಮ್ಮ ಕಂಸ; ಬೈಬಲ್ಲಿನಲ್ಲಿ ಹೆರೋದ. ಉದ್ಧಾರಕನ ಕೈಯೂ ಕಂಸನ ಕೈಯೂ ಒಂದೇ ಕೆಲಸಕ್ಕೆ ಚಾಚುವ ಗಳಿಗೆ ಅದು. ಕಥೆ ಆಮೇಲೆ ಬೇರೆ ತಿರುವು ಪಡೆದರೂ ಆ ಪ್ರಶ್ನೆ ನೋಡುಗರ ಮನಸ್ಸಿನಲ್ಲಿ ಉಳಿಯುತ್ತದೆ.

2005ರ ನಂತರದ ಕಥೆಗಳಲ್ಲಿ ಕ್ರೈಸ್ತ ಪ್ರತಿಮೆಗಳು ಹೆಚ್ಚಾದವು. 2007ರ ಒಂದು ಕಥೆಯಲ್ಲಿ ಮಾರ್ಥಾ ಎಂಬ ಗೆಳತಿ ವರ್ಷವಿಡೀ ಭೂಮಿಯ ಮೇಲೆ ಅಲೆದು ಡಾಕ್ಟರನ ವಿಷಯ ಸಾರುತ್ತಾಳೆ. ಜನರೆಲ್ಲ ಒಮ್ಮೆಲೇ ಅವನನ್ನು ನೆನೆದಾಗ, ಮುದುಡಿಹೋಗಿದ್ದ ಅವನು ಮೇಲೇಳುತ್ತಾನೆ, ಶತ್ರುವನ್ನು ಕ್ಷಮಿಸುತ್ತಾನೆ. ಇದನ್ನು ಬರೆದ ರಸೆಲ್ ಟಿ. ಡೇವಿಸ್ ನಾಸ್ತಿಕರು! ಅವರ ಕಾಲದ್ದೇ ಆದ 2009ರ ‘ದಿ ವಾಟರ್ಸ್ ಆಫ್ ಮಾರ್ಸ್’ನಲ್ಲಿ ಕಾಲದ ನಿಯಮಗಳೇ ತನ್ನ ಅಧೀನವೆಂದು ಡಾಕ್ಟರ್ ಬೀಗಿದಾಗ, ಅವನು ಉಳಿಸಿ ತಂದ ಹೆಣ್ಣೇ ಅವನನ್ನು ಧಿಕ್ಕರಿಸುತ್ತಾಳೆ. ಗರ್ವಭಂಗವಾಗುತ್ತದೆ.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಮುಖ್ಯವಾದದ್ದು 2011ರ ‘ದಿ ಗಾಡ್ ಕಾಂಪ್ಲೆಕ್ಸ್’. ಏಮಿ ಏಳು ವರ್ಷದ ಹುಡುಗಿಯಾಗಿದ್ದಾಗ ಡಾಕ್ಟರ್ ಐದು ನಿಮಿಷದಲ್ಲಿ ಬರುತ್ತೇನೆಂದು ಹೇಳಿ ಹೋಗಿದ್ದ. ಹಿಂದಿರುಗಿದ್ದು ಹನ್ನೆರಡು ವರ್ಷಗಳ ಮೇಲೆ. ಆದರೂ ಅವಳ ನಂಬಿಕೆ ಅಳಿಯಲಿಲ್ಲ. ಈ ಕಥೆಯಲ್ಲಿ ಅವರು ಜಟಿಲವಾದ ಕಟ್ಟಡವೊಂದರಲ್ಲಿ ಸಿಕ್ಕಿಕೊಳ್ಳುತ್ತಾರೆ. ಗ್ರೀಕ್ ಪುರಾಣದ ಮಿನೋಟಾರನನ್ನು ಹೋಲುವ ಪ್ರಾಣಿ ಅಲ್ಲಿದೆ. ಅದರ ಆಹಾರ ಮನುಷ್ಯರ ನಂಬಿಕೆ. ಏಮಿಯ ನಂಬಿಕೆಯೆಲ್ಲ ಡಾಕ್ಟರನ ಮೇಲೆ. ಆದ್ದರಿಂದ ಅದು ಅವಳನ್ನು ಅರಸಿ ಬರುತ್ತದೆ. ಅವಳನ್ನು ಉಳಿಸಲು ಡಾಕ್ಟರನಿಗೆ ಒಂದೇ ದಾರಿ. ಅವಳ ಮುಂದೆ ಮಂಡಿಯೂರಿ ಕುಳಿತು, ತಾನು ನಂಬಿಕೆಗೆ ಯೋಗ್ಯನಲ್ಲ, ಮೆಚ್ಚುಗೆಯ ಆಸೆಗಾಗಿ ಅವಳನ್ನು ಜೊತೆಗೆ ಕರೆತಂದೆ ಎಂದು ಒಪ್ಪಿಕೊಳ್ಳುತ್ತಾನೆ. ನಂಬಿಕೆ ಮುರಿಯುತ್ತದೆ, ಪ್ರಾಣ ಉಳಿಯುತ್ತದೆ.

ಮಿತ್ರರೇ, ಈ ಧಾರಾವಾಹಿ ತನ್ನ ನಾಯಕನಿಗೆ ದೇವರ ಲಕ್ಷಣಗಳನ್ನೆಲ್ಲ ಕೊಡುತ್ತದೆ; ಆದರೆ ಅವನು ಪೀಠವೇರಿದಾಗ ಕೆಳಗಿಳಿಸುತ್ತದೆ. ಅವನು ದೊಡ್ಡವನಾಗುವುದು ಹಾಗೆ ಇಳಿದಾಗಲೇ. ತೆರೆಯ ಮೇಲಿರಲಿ, ಹೊರಗಿರಲಿ, ನಾವು ಮೆಚ್ಚುವ ನಾಯಕರು ನಮಗೂ ಇದ್ದಾರೆ. ಅವರು ನಮ್ಮಿಂದ ಬಯಸುವುದು ಕೈಮುಗಿಯುವುದನ್ನೋ, ಕಣ್ಣು ತೆರೆಯುವುದನ್ನೋ? ಒಮ್ಮೆ ನೀವೇ ಕೇಳಿಕೊಂಡು ನೋಡಿ.