ಹೆಸರು ಟ್ರಂಪ್‌ದು, ಗುರುತು ಬೇರೆ

2017ರ ಜನವರಿ. ಟ್ರಂಪ್ ಮೊದಲ ಸಲ ಅಧಿಕಾರಕ್ಕೆ ಬರೋಕೆ ಇನ್ನು ಮೂರೇ ದಿನ. ಕೆನಡಾದಲ್ಲಿದ್ದ ಸಂಶೋಧಕ ವಾಜ್ರಿಕ್ ನಜಾರಿ ಒಂದು ಪುಟ್ಟ ಪತಂಗಕ್ಕೆ 'ನಿಯೋಪಾಲ್ಪಾ ಡೊನಾಲ್ಡ್‌ಟ್ರಂಪಿ' ಅಂತ ಹೆಸರಿಟ್ಟರು. ತಲೆ ಮೇಲೆ ಹಳದಿ-ಬಿಳಿ ಹೊದಿಕೆ, ಥೇಟ್ ಅವರ ಹೇರ್‌ಸ್ಟೈಲ್!

ಆದ್ರೆ ತಲೆ ನೋಡಿ ಹೊಸ ಪ್ರಭೇದ ಅಂದ್ರೆ ಯಾರೂ ಒಪ್ಪಲ್ಲ. ಇದು ಸಿಕ್ಕಿದ್ದು ಕ್ಯಾಲಿಫೋರ್ನಿಯಾದ ಬೊಹಾರ್ಟ್ ಮ್ಯೂಸಿಯಂನಿಂದ ತರಿಸಿಕೊಂಡ ಮಾದರಿಗಳ ನಡುವೆ. ಬಿಕಾಂ ಭಾಷೆಯಲ್ಲಿ ಹೇಳೋದಾದ್ರೆ, ಹಳೇ ಸ್ಟಾಕ್ ಎಣಿಸುವಾಗ ಲೆಕ್ಕದಲ್ಲೇ ಇಲ್ಲದ ಮಾಲು ಸಿಕ್ಕಂಗೆ.

ರೆಕ್ಕೆ ಬಿಚ್ಚಿದ್ರೂ ತೀರಾ ಪುಟ್ಟದು, ಅಷ್ಟೇ. ಇಷ್ಟು ಸಣ್ಣದರಲ್ಲಿ ಬಣ್ಣ ಒಂದನ್ನೇ ನಂಬೋಕಾಗಲ್ಲ. ಹೊಟ್ಟೆಯ ತುದಿ ಬಿಡಿಸಿ, ಜನನಾಂಗದ ಆಕಾರವನ್ನು ಮೈಕ್ರೋಸ್ಕೋಪ್‌ನಲ್ಲಿ ಹೋಲಿಸ್ತಾರೆ. ಇದೇ ಕುಲದ 'ನಿಯೋನಾಟಾ' ಕಥೆ ಕೇಳಿ: 1998ರಲ್ಲಿ ಅದನ್ನು ವಿವರಿಸುವಾಗ ಕೈಯಲ್ಲಿದ್ದದ್ದು ಎರಡು ಗಂಡು ಮಾತ್ರ. ಅದರ ಹೆಣ್ಣು ಯಾವುದು ಅಂತ ಎಷ್ಟೋ ವರ್ಷಗಳ ನಂತರ ಹೇಳಿದ್ದು ಡಿಎನ್‌ಎ ಬಾರ್‌ಕೋಡ್.

ಟ್ರಂಪಿಯ ನೆಲೆ ದಕ್ಷಿಣ ಕ್ಯಾಲಿಫೋರ್ನಿಯಾ, ಜೊತೆಗೆ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾ. ಗಡಿಗೆ ಗೋಡೆ ಕಟ್ತೀನಿ ಅಂದವರ ಹೆಸರಿನ ಹುಳ ಎರಡೂ ಕಡೆ ಹಾರಾಡುತ್ತೆ! ಊರುಗಳು ಬೆಳೆದಂತೆ ಆ ನೆಲೆಗೆ ಅಪಾಯ. ಅತ್ತ ಜನ ಒಮ್ಮೆ ನೋಡ್ಲಿ ಅಂತಾನೂ ಈ ಹೆಸರು ಇಟ್ಟಿದ್ದೀನಿ ಅಂತ ನಜಾರಿ ಹೇಳಿದ್ದರು.